ಇಟ್ಟಿಗೆ ಚಿಮಣಿಗೆ ಸೌದೆ ಒಲೆಯ ಕೊಳವೆ ಜೋಡಿಸುವುದು: ಹಳೆಯ ಮನೆ ಕೊಂಡವರಿಗೊಂದು ಮಾರ್ಗದರ್ಶಿ

ಅಮೆರಿಕದ ಈಶಾನ್ಯ ರಾಜ್ಯಗಳಲ್ಲಿ ಹಳೆಯ ಮನೆ ಕೊಂಡ ನಮ್ಮವರಿಗೆ ಮನೆಯ ಜೊತೆಗೆ ಇಟ್ಟಿಗೆಯ ಚಿಮಣಿಯೊಂದೂ ಸಿಕ್ಕಿರುತ್ತದೆ. ಒಂದೆರಡು ಚಳಿಗಾಲ ಕಳೆದು, ಹಿಮದ ಬಿರುಗಾಳಿಗೆ ಎರಡು ದಿನ ಕರೆಂಟು ಹೋಗಿ, ಬಾಯ್ಲರ್ ನಿಂತು ಮಕ್ಕಳೆಲ್ಲ ಕಂಬಳಿಯೊಳಗೆ ಮುದುಡಿ ಕುಳಿತ ಮೇಲೆ, ಎರಕದ ಕಬ್ಬಿಣದ ಸೌದೆ ಒಲೆಯೊಂದನ್ನು ತಂದು ಆ ಚಿಮಣಿಗೆ ಸೇರಿಸಿಬಿಡೋಣ ಎಂಬ ಯೋಚನೆ ಬರುವುದು ಸಹಜ. ನಾನೂ ಹೀಗೆಯೇ ಹೊರಟವನು. ಬಚ್ಚಲುಮನೆಯ ಹಂಡೆ ಒಲೆಗೆ ಸೌದೆ ಹಾಕಿ ಬೆಳೆದ ಮಲೆನಾಡಿನವನಾದ ನನಗೆ ಬೆಂಕಿ ಹೊಸದಲ್ಲ ಎಂಬ ಧೈರ್ಯವಿತ್ತು. ಆದರೆ ಊರಿನ ಒಲೆಯ ಹೊಗೆ ಹಂಚಿನ ಸಂದಿಯಲ್ಲಿ ತನ್ನ ಪಾಡಿಗೆ ಹೋಗುತ್ತಿತ್ತು. ಇಲ್ಲಿಯ ಮುಚ್ಚಿದ ಒಲೆಯ ಹೊಗೆ ಮರದ ಚೌಕಟ್ಟಿನ ಮನೆಯೊಂದರ ನಡುವೆ ಹಾದು, ಮೂವತ್ತು ಅಡಿ ಮೇಲಕ್ಕೆ, ಎಲ್ಲಿಯೂ ಸೋರದೆ ಹೋಗಬೇಕು. ಈ ಕೆಲಸಕ್ಕೆ ಬೇರೆಯೇ ಎಚ್ಚರ ಬೇಕು ಎಂಬುದನ್ನು ನಾನು ಕಲಿತದ್ದು ಗೋಡೆಯ ಒಂದು ತೂತಿನ ಮುಂದೆ ಕುಳಿತು.

ಮ್ಯಾಸಚೂಸೆಟ್ಸ್‌ನ ನಮ್ಮ ಮನೆ 1920ರ ದಶಕದ್ದು. ಊಟದ ಕೋಣೆಯ ಗೋಡೆಯಲ್ಲಿ ಊಟದ ತಟ್ಟೆಯಷ್ಟಗಲದ ಒಂದು ದುಂಡನೆಯ ತಗಡಿನ ಮುಚ್ಚಳವಿತ್ತು, ಗೋಡೆಯ ಬಣ್ಣವನ್ನೇ ಅದಕ್ಕೂ ಬಳಿದಿದ್ದರು. ಅದನ್ನು ಚಾಕುವಿನಿಂದ ಎಬ್ಬಿಸಿ ತೆಗೆದಾಗ ಒಳಗೆ ಸುಟ್ಟ ಮಣ್ಣಿನ ಒಂದು ಬಳೆ, ಅದರಾಚೆ ಕತ್ತಲೆ. ಟಾರ್ಚ್ ಹಿಡಿದು ಬಳೆಯ ಸುತ್ತಲಿನ ಗಿಲಾವು ಸ್ವಲ್ಪ ಕೆರೆದು ನೋಡಿದೆ. ಗಿಲಾವಿನ ಹಿಂದಿನ ಮರದ ರೀಪುಗಳ ತುದಿ ಆ ಬಳೆಯಿಂದ ಒಂದೂವರೆ ಇಂಚು ದೂರದಲ್ಲಿತ್ತು, ಇದ್ದಿಲಿನಂತೆ ಕಪ್ಪಗಾಗಿತ್ತು, ಉಗುರು ತಾಗಿಸಿದರೆ ಪುಡಿಯಾಗುತ್ತಿತ್ತು. ಹಿಂದೆ ಅಲ್ಲಿ ಯಾರೋ ವರ್ಷಗಟ್ಟಲೆ ಒಲೆ ಉರಿಸಿದ್ದರು. ಆ ಮರ ವರ್ಷಗಟ್ಟಲೆ ಬೇಯುತ್ತಿತ್ತು. ಹೀಗೆ ಮತ್ತೆ ಮತ್ತೆ ಬಿಸಿ ತಾಗಿ ಒಣಗಿ ಕರಿಯಾದ ಮರವು ಹೊಸ ಮರಕ್ಕಿಂತ ಬಹಳ ಕಡಿಮೆ ಉಷ್ಣತೆಯಲ್ಲೇ ಹೊತ್ತಿಕೊಳ್ಳುತ್ತದೆ. ನಾನು ಅಂಗಡಿಯಿಂದ ಆಗಲೇ ತಂದಿಟ್ಟಿದ್ದ ಕೊಳವೆಯನ್ನು ಮುಚ್ಚಳ ತೆಗೆದು ಹಾಗೆಯೇ ಸಿಕ್ಕಿಸಿದ್ದರೆ ಏನಾಗುತ್ತಿತ್ತೋ ಎಂದು ಈಗಲೂ ಯೋಚಿಸುತ್ತೇನೆ. ಆದುದರಿಂದ ಈ ಲೇಖನದ ಹೆಚ್ಚು ಭಾಗ ಕೊಳವೆಯ ಬಗ್ಗೆ ಅಲ್ಲ, ಕೊಳವೆ ಹೋಗಿ ಸೇರುವ ಜಾಗದ ಬಗ್ಗೆ ಇದೆ.

ಕೊಳ್ಳುವ ಮೊದಲು ಚಿಮಣಿ ನೋಡಿ

ಮೊದಲ ಹೆಜ್ಜೆ ಊರಿನ ಕಟ್ಟಡ ವಿಭಾಗದಿಂದ ಪರವಾನಗಿ ಪಡೆಯುವುದು. ಮ್ಯಾಸಚೂಸೆಟ್ಸ್‌ನಲ್ಲಿ ಸೌದೆ ಒಲೆ ಕೂರಿಸಲು ಪರವಾನಗಿ ಕಡ್ಡಾಯ. ಕೂರಿಸಿದ ಮೇಲೆ ಇನ್‌ಸ್ಪೆಕ್ಟರ್ ಬಂದು ನೋಡಿ ಸಹಿ ಹಾಕಬೇಕು. ಮನೆಯ ವಿಮೆ ಕಂಪನಿಗೂ ಮೊದಲೇ ತಿಳಿಸಿ. ಇದನ್ನು ಕಾಗದದ ಕಾಟ ಎಂದು ತಿಳಿಯಬೇಡಿ, ಏಕೆಂದರೆ ಇನ್ನೊಬ್ಬರ ಅನುಭವಿ ಕಣ್ಣು ಕಡಿಮೆ ಖರ್ಚಿನಲ್ಲಿ ಸಿಗುವುದು ಇಲ್ಲಿ ಮಾತ್ರ.

ಎರಡನೆಯದಾಗಿ, ತರಬೇತಿ ಪಡೆದ ಚಿಮಣಿ ಸ್ವೀಪ್, ಅಂದರೆ ಚಿಮಣಿ ಚೊಕ್ಕಟ ಮಾಡಿ ಪರೀಕ್ಷಿಸುವ ಕಸುಬಿನವರೊಬ್ಬರನ್ನು ಕರೆಸಿ ಹೊಗೆನಾಳವನ್ನು, ಅಂದರೆ ಚಿಮಣಿಯ ಒಳಗೆ ಹೊಗೆ ಹೋಗುವ ಪೊಳ್ಳನ್ನು, ಕೆಳಗಿನಿಂದ ಮೇಲಿನವರೆಗೆ ಕ್ಯಾಮೆರಾ ಇಳಿಸಿ ನೋಡಿಸಬೇಕು. ಅಮೆರಿಕದಲ್ಲಿ ಚಿಮಣಿಗಳಿಗೆ ಆಧಾರವಾದ ಎನ್‌ಎಫ್‌ಪಿಎ 211 ಎಂಬ ಮಾನದಂಡದ ಪ್ರಕಾರ, ಚಿಮಣಿಗೆ ಹೊಸ ಬಗೆಯ ಒಲೆ ಸೇರಿಸುವಾಗ ಎರಡನೇ ಹಂತದ ತಪಾಸಣೆ ಆಗಲೇಬೇಕು. ಕ್ಯಾಮೆರಾ ನೋಟ ಅದರಲ್ಲಿ ಬರುತ್ತದೆ. ಸ್ವೀಪ್ ಬರುವ ಮುನ್ನ ನೀವೇ ನೋಡಬಹುದಾದದ್ದೂ ಸಾಕಷ್ಟಿದೆ. ನೆಲಮಾಳಿಗೆಯಲ್ಲಿ ಚಿಮಣಿಯ ಬುಡಕ್ಕೆ ಒಂದು ಚಿಕ್ಕ ಕಬ್ಬಿಣದ ಬಾಗಿಲಿರುತ್ತದೆ. ಅದನ್ನು ತೆರೆದು ಹಗಲು ಹೊತ್ತಿನಲ್ಲಿ ಒಂದು ಕನ್ನಡಿಯನ್ನು ಓರೆಯಾಗಿ ಒಳಗೆ ಹಿಡಿದರೆ, ನಾಳ ನೇರವಾಗಿದ್ದಲ್ಲಿ, ಮೇಲಿನ ಆಕಾಶ ಒಂದು ಬಿಳಿಯ ಚೌಕವಾಗಿ ಕಾಣುತ್ತದೆ. ಬುಡದಲ್ಲಿ ಬಿದ್ದಿರುವ ಕಸವನ್ನು ಕೈಯಲ್ಲಿ ತೆಗೆದುಕೊಂಡು ನೋಡಿ. ಬರೀ ಒಣ ಮಸಿಯಾದರೆ ಚಿಂತೆಯಿಲ್ಲ. ಸುಟ್ಟ ಮಣ್ಣಿನ ಚಕ್ಕೆಗಳು ಸಿಕ್ಕರೆ ಲೈನರ್, ಅಂದರೆ ನಾಳದ ಒಳಮೈಗೆ ಕೂರಿಸಿದ ಮಣ್ಣಿನ ಒಳಪದರ, ಬಿರಿದಿದೆ ಎಂದರ್ಥ. ಉಬ್ಬಿದ, ಜೇನುಗೂಡಿನಂತೆ ತೂತುತೂತಾದ ಕರಿಯ ಹಗುರ ತುಂಡುಗಳು ಸಿಕ್ಕರೆ ಆ ಚಿಮಣಿಯೊಳಗೆ ಎಂದೋ ಬೆಂಕಿ ಬಿದ್ದಿತ್ತು ಎಂದು ತಿಳಿಯಬೇಕು. ಮನೆ ಮಾರಿದವರಿಗೆ ಅದು ಗೊತ್ತೇ ಇರಲಿಕ್ಕಿಲ್ಲ.

ಅದೇ ನಾಳಕ್ಕೆ ಕೆಳಗಿನ ಎಣ್ಣೆ ಅಥವಾ ಗ್ಯಾಸ್ ಬಾಯ್ಲರ್‌ನ ಕೊಳವೆಯೂ ಸೇರಿದೆಯೇ ಎಂಬುದು ಮುಂದಿನ ಪ್ರಶ್ನೆ. ಸೇರಿದ್ದರೆ ಸೌದೆ ಒಲೆಯನ್ನು ಆ ನಾಳಕ್ಕೆ ಸೇರಿಸುವಂತಿಲ್ಲ. ಒಂದು ಒಲೆಗೆ ಒಂದು ನಾಳ. ಇದರಲ್ಲಿ ರಾಜಿ ಬೇಡ. ಒಂದರ ಎಳೆತ, ಅಂದರೆ ಹೊಗೆಯನ್ನು ಮೇಲಕ್ಕೆ ಸೆಳೆಯುವ ಬಲ, ಕುಂದಿದಾಗ ಇನ್ನೊಂದರ ವಿಷಾನಿಲ ಮನೆಯೊಳಗೆ ಇಳಿಯುತ್ತದೆ, ಮತ್ತು ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ದೊಡ್ಡ ಚಿಮಣಿಗಳಲ್ಲಿ ಎರಡು ಮೂರು ನಾಳಗಳು ಒಂದೇ ಇಟ್ಟಿಗೆಯ ಮೈಯೊಳಗೆ ಅಕ್ಕಪಕ್ಕ ಇರುತ್ತವೆ; ಮಾಡಿನ ಮೇಲೆ ಎಷ್ಟು ಬಾಯಿಗಳಿವೆ ಎಂದು ಎಣಿಸಿದರೆ ಇದು ತಿಳಿಯುತ್ತದೆ.

ಹಳೆಯ ಚಿಮಣಿಗಳಲ್ಲಿ ಅನೇಕಕ್ಕೆ ಒಳಗೆ ಲೈನರೇ ಇರುವುದಿಲ್ಲ, ಬರೀ ಇಟ್ಟಿಗೆ ಮತ್ತು ಸುಣ್ಣದ ಗಾರೆ. ನೂರು ವರ್ಷದ ಹೊಗೆಯ ಆಮ್ಲಕ್ಕೆ ಆ ಗಾರೆ ಮರಳಾಗಿ ಉದುರಿರುತ್ತದೆ. ಅಂಥ ಚಿಮಣಿಗೆ ನೇರವಾಗಿ ಒಲೆ ಸೇರಿಸಲೇಬಾರದು. ಲೈನರ್ ಇದ್ದ ಚಿಮಣಿಯಾದರೆ ಅದರ ಅಳತೆ ನೋಡಬೇಕು. ನಾಳದ ಅಡ್ಡಕೊಯ್ತದ ವಿಸ್ತೀರ್ಣವು ಒಲೆಯ ಹೊಗೆಬಾಯಿಯ ವಿಸ್ತೀರ್ಣಕ್ಕಿಂತ ಕಡಿಮೆ ಇರಕೂಡದು. ಚಿಮಣಿ ಪೂರ್ತಿ ಮನೆಯೊಳಗಿದ್ದರೆ ಅದರ ಮೂರು ಪಟ್ಟನ್ನೂ, ಚಿಮಣಿಯ ಒಂದು ಮುಖವಾದರೂ ಹೊರಗಿನ ಚಳಿಗೆ ತೆರೆದಿದ್ದರೆ ಎರಡು ಪಟ್ಟನ್ನೂ ಮೀರಕೂಡದು. ಲೆಕ್ಕ ಹೀಗೆ: ಸಾಮಾನ್ಯವಾದ 6 ಇಂಚಿನ ದುಂಡು ಹೊಗೆಬಾಯಿಯ ವಿಸ್ತೀರ್ಣ ಸುಮಾರು 28 ಚದರ ಇಂಚು. ಒಳ ಅಳತೆ 7 ಇಂಚಿನ ಚೌಕದ ನಾಳದ್ದು 49 ಚದರ ಇಂಚು, ಅಂದರೆ ಎರಡು ಪಟ್ಟಿನೊಳಗೇ ಇದೆ. ಆದರೆ 7 ಇಂಚು ಅಗಲ, 11 ಇಂಚು ಉದ್ದದ ನಾಳದ್ದು 77 ಆಗುತ್ತದೆ; ಒಳಗಿನ ಚಿಮಣಿಯಾದರೆ ಸರಿ, ಹೊರಗೋಡೆಯ ಚಿಮಣಿಯಾದರೆ ಹೆಚ್ಚಾಯಿತು. ಹೆಚ್ಚಾದರೆ ತಪ್ಪೇನು ಎಂದು ಕೇಳಬಹುದು. ಅಗಲವಾದ ತಣ್ಣನೆಯ ನಾಳದಲ್ಲಿ ಹೊಗೆ ನಿಧಾನಕ್ಕೆ ಏರುತ್ತದೆ, ಏರುತ್ತಾ ತಣಿಯುತ್ತದೆ, ತಣಿದ ಹೊಗೆಯಲ್ಲಿನ ಟಾರು ಮತ್ತು ನೀರಾವಿ ಗೋಡೆಗೆ ಅಂಟುತ್ತವೆ. ಇದೇ ಕ್ರಿಯೋಸೋಟ್. ಊರಿನ ಅಡುಗೆಮನೆಯ ಮಾಡಿನಲ್ಲಿ ತೂಗುತ್ತಿದ್ದ ಇಲ್ಲಣದ ಹತ್ತಿರದ ನೆಂಟ ಇದು, ಆದರೆ ಹೆಚ್ಚು ಅಂಟು, ಹೆಚ್ಚು ಉರಿಯುವಂಥದ್ದು. ಚಿಮಣಿಯೊಳಗೆ ಇದಕ್ಕೆ ಕಿಡಿ ತಾಗಿದರೆ ಉಷ್ಣತೆ 1,100 ಡಿಗ್ರಿ ಸೆಲ್ಸಿಯಸ್ ತಲುಪಬಹುದು.

ಕೊನೆಗೆ ಎತ್ತರ. ಚಿಮಣಿಯ ತುದಿ ಮಾಡಿನಿಂದ ಹೊರಬಂದ ಜಾಗಕ್ಕಿಂತ ಕನಿಷ್ಠ 3 ಅಡಿ ಮೇಲಿರಬೇಕು. ಅಲ್ಲದೆ 10 ಅಡಿಯೊಳಗಿನ ಮಾಡಿನ ಯಾವ ಭಾಗಕ್ಕಿಂತಲೂ 2 ಅಡಿ ಎತ್ತರವಿರಬೇಕು.

ಲೈನರ್ ಇಳಿಸುವುದೋ, ಹಾಗೆಯೇ ಸೇರಿಸುವುದೋ

ಮಣ್ಣಿನ ಲೈನರ್ ಗಟ್ಟಿಯಾಗಿದ್ದು, ಅಳತೆ ಹೊಂದಿ, ಚಿಮಣಿ ಮನೆಯೊಳಗೇ ಇದ್ದರೆ ಕೊಳವೆಯನ್ನು ನೇರವಾಗಿ ಸೇರಿಸಬಹುದು. ಉಳಿದೆಲ್ಲ ಸಂದರ್ಭಗಳಲ್ಲಿ ಸ್ಟೇನ್‌ಲೆಸ್ ಸ್ಟೀಲ್ ಲೈನರ್ ಇಳಿಸುವುದೇ ಸರಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಒಲೆಗಿಂತ ಲೈನರ್‌ಗೇ ಹೆಚ್ಚು ಖರ್ಚಾದರೂ ಹಿಂಜರಿಯಬೇಡಿ. ಯುಎಲ್ 1777 ಎಂಬ ಪ್ರಮಾಣದ ಗುರುತಿರುವ, ಸೌದೆಗೆಂದೇ ಪರೀಕ್ಷಿಸಿದ ಲೈನರನ್ನೇ ಕೊಳ್ಳಿ. ಗ್ಯಾಸ್ ಉಪಕರಣಗಳಿಗೆ ಬಳಸುವ ಅಲ್ಯೂಮಿನಿಯಂ ಲೈನರ್ ಸೌದೆಯ ಬಿಸಿಗೆ ಆಗದು. ಲೈನರಿನ ಸುತ್ತ ಸೆರಾಮಿಕ್ ಉಣ್ಣೆಯ ಹೊದಿಕೆ ಸುತ್ತಿ, ಮೇಲೆ ಜಾಲರಿ ತೊಡಿಸಿ, ಚಿಮಣಿಯ ಮೇಲಿನ ಬಾಯಿಯಿಂದ ಇಬ್ಬರು ಸೇರಿ ಇಳಿಸುತ್ತಾರೆ. ಹೊದಿಕೆಯಿದ್ದರೆ ಹೊಗೆ ಬಿಸಿಯಾಗಿಯೇ ಉಳಿದು ಬೇಗ ಏರುತ್ತದೆ, ಇಟ್ಟಿಗೆಯ ಪಕ್ಕದ ಮರವೂ ತಂಪಾಗಿರುತ್ತದೆ. ಕಟ್ಟಡ ನಿಯಮದ ಪ್ರಕಾರ ಮನೆಯೊಳಗಿನ ಇಟ್ಟಿಗೆ ಚಿಮಣಿಗೂ ಮರದ ತೊಲೆಗೂ ನಡುವೆ 2 ಇಂಚು ಖಾಲಿ ಜಾಗ ಇರಬೇಕು; ಹಳೆಯ ಮನೆಗಳಲ್ಲಿ ತೊಲೆ ಇಟ್ಟಿಗೆಗೇ ಒರಗಿರುವುದು ಸಾಮಾನ್ಯ. ಹೊದಿಕೆಯ ಅಗತ್ಯ ಇರುವುದು ಇದಕ್ಕಾಗಿಯೇ.

ಲೈನರಿನ ಕೆಳತುದಿಗೆ ಟೀ ಆಕಾರದ ಒಂದು ತುಂಡು ಬರುತ್ತದೆ. ಅದರ ಮೂತಿ ಗೋಡೆಯ ತೂತಿನಿಂದ ಕೋಣೆಯ ಕಡೆಗೆ ಚಾಚಬೇಕು. ಕೆಳಗಿನ ಬಾಯಿಗೆ ಮುಚ್ಚಳ ಬೀಳಬೇಕು, ಆ ಮುಚ್ಚಳ ಬುಡದ ಬಾಗಿಲಿನಿಂದ ಕೈಗೆ ಎಟುಕುವಂತಿರಬೇಕು. ಬ್ರಷ್ ಹಾಕಿದಾಗ ಉದುರುವ ಮಸಿಯೆಲ್ಲ ಬಂದು ನಿಲ್ಲುವುದು ಅಲ್ಲಿಯೇ. ಮೇಲ್ತುದಿಗೆ ತಗಡಿನ ಫಲಕ, ಮಳೆ ಮುಚ್ಚಳ. ಒಲೆಯನ್ನು ತೆರೆದ ಅಗ್ಗಿಷ್ಟಿಕೆಯ ಒಳಗೆ ಕೂರಿಸುವುದಾದರೂ ಲೈನರ್ ಮೇಲಿನವರೆಗೂ ಹೋಗಬೇಕು. ಅಗ್ಗಿಷ್ಟಿಕೆಯ ಗಂಟಲಿನಲ್ಲಿ ಲೈನರಿನ ಸುತ್ತಲಿನ ಸಂದನ್ನು ಉಕ್ಕಿನ ತಗಡಿನಿಂದ ಮುಚ್ಚಬೇಕು, ಇಲ್ಲವಾದರೆ ಕೋಣೆಯ ಬಿಸಿಯೆಲ್ಲ ಆ ಸಂದಿನಲ್ಲಿ ಮೇಲಕ್ಕೆ ಹೋಗುತ್ತದೆ.

ಗೋಡೆ ದಾಟುವ ಜಾಗ

ಕೊಳವೆ ಗೋಡೆಯನ್ನು ಹೊಕ್ಕು ಚಿಮಣಿ ಸೇರುವ ಸುಟ್ಟ ಮಣ್ಣಿನ ಬಳೆಗೆ ಥಿಂಬಲ್ ಎನ್ನುತ್ತಾರೆ. ಚಿಮಣಿಯ ಇಟ್ಟಿಗೆ ಕೋಣೆಯ ಕಡೆ ಬರಿಮೈಯಾಗಿ ಕಾಣುತ್ತಿದ್ದು ಸುತ್ತ ಮರವಿಲ್ಲದಿದ್ದರೆ ಕೆಲಸ ಸುಲಭ. ನಮ್ಮ ಮನೆಯಂತೆ ಇಟ್ಟಿಗೆಯ ಮುಂದೆ ಮರದ ಚೌಕಟ್ಟು, ರೀಪು, ಗಿಲಾವು ಇದ್ದರೆ, ಥಿಂಬಲಿನ ಸುತ್ತ ಎಲ್ಲ ಕಡೆಗೂ 12 ಇಂಚು ದಪ್ಪಕ್ಕೆ ಇಟ್ಟಿಗೆ ಕಟ್ಟಬೇಕು. ಅಂದರೆ 6 ಇಂಚಿನ ಕೊಳವೆಗೂ ಗೋಡೆಯಲ್ಲಿ ಎರಡೂವರೆ ಅಡಿಗಿಂತ ಹೆಚ್ಚು ಅಗಲದ ಚೌಕವನ್ನು ಕತ್ತರಿಸಿ, ಮರವನ್ನೆಲ್ಲ ತೆಗೆದು, ಹೊಸ ಚೌಕಟ್ಟು ಕೊಟ್ಟು, ಇಟ್ಟಿಗೆ ತುಂಬಬೇಕು. ನೋಡಿದವರಿಗೆ ಇದು ಅತಿಯಾಯಿತು ಎನಿಸುತ್ತದೆ. ಒಂದೂವರೆ ಇಂಚಿನಲ್ಲಿದ್ದ ರೀಪಿನ ಗತಿ ಕಂಡ ಮೇಲೆ ನನಗೆ ಹಾಗೆನಿಸಲಿಲ್ಲ. ಇಟ್ಟಿಗೆಯ ಬದಲು, ಕಾರ್ಖಾನೆಯಲ್ಲಿ ತಯಾರಾದ ಶಾಖನಿರೋಧಕ ಚಿಮಣಿಯ ತುಂಡೊಂದನ್ನು ಗೋಡೆಯ ಮೂಲಕ ಹಾಯಿಸಿ ಸುತ್ತ 9 ಇಂಚು ಬಿಡುವ ಕ್ರಮವೂ ಇದೆ. ಯಾವುದನ್ನು ಆರಿಸಿದರೂ ಅದನ್ನು ಪೂರ್ತಿಯಾಗಿ ಮಾಡಿ, ಅರ್ಧ ಅದು ಅರ್ಧ ಇದು ಎಂದು ಬೆರೆಸಬೇಡಿ.

ನೇರವಾಗಿ ಮಣ್ಣಿನ ನಾಳಕ್ಕೆ ಸೇರಿಸುವಾಗ ಕೊಳವೆಯ ತುದಿ ಎಲ್ಲಿ ನಿಲ್ಲಬೇಕು ಎಂಬುದರಲ್ಲಿ ಜನ ತಪ್ಪುವುದನ್ನು ನೋಡಿದ್ದೇನೆ. ತುದಿಯು ನಾಳದ ಒಳಗೋಡೆಯ ಸಮಕ್ಕೆ ಸರಿಯಾಗಿ ನಿಲ್ಲಬೇಕು. ನಾಳದೊಳಗೆ ಚಾಚಿಕೊಂಡರೆ ಹೊಗೆಯ ದಾರಿಗೆ ಅಡ್ಡವಾಗಿ ಎಳೆತ ಕುಂದುತ್ತದೆ, ಬ್ರಷ್ ಸಿಕ್ಕಿಕೊಳ್ಳುತ್ತದೆ. ಗಿಡ್ಡವಾದರೆ ಬಿಸಿ ಹೊಗೆ ಥಿಂಬಲಿನ ಗಾರೆಗೇ ಬಡಿಯುತ್ತದೆ. ಒಂದು ನೇರವಾದ ಕಡ್ಡಿಯನ್ನು ಥಿಂಬಲಿನೊಳಗೆ ತೂರಿಸಿ, ಅದರ ತುದಿಯ ಕೊಕ್ಕೆ ಒಳಗೋಡೆಗೆ ತಾಗಿದ ಜಾಗದಿಂದ ಹೊರಗಿನವರೆಗೆ ಅಳೆದುಕೊಂಡು, ಅಷ್ಟೇ ಉದ್ದಕ್ಕೆ ಕೊಳವೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆಯಿರಿ. ಸುತ್ತಲಿನ ಸಂದಿಗೆ ಶಾಖ ತಾಳುವ ರಿಫ್ರ್ಯಾಕ್ಟರಿ ಸಿಮೆಂಟು ಅಥವಾ ಸೆರಾಮಿಕ್ ಹಗ್ಗ ಬಳಸಬೇಕು; ಕಟ್ಟಡದ ಸಾಮಾನ್ಯ ಸಿಮೆಂಟು ಕೆಲವೇ ವಾರಗಳಲ್ಲಿ ಬಿರಿಯುತ್ತದೆ. ವರ್ಷಕ್ಕೊಮ್ಮೆ ಕೊಳವೆಯನ್ನು ಬಿಚ್ಚಿ ತೆಗೆಯುವಂತಿರಬೇಕು ಎಂಬುದು ನೆನಪಿರಲಿ.

ಕೊಳವೆಯ ಜೋಡಣೆ

ಈಗ ಕೊಳವೆಗೆ ಬರೋಣ. 24 ಗೇಜ್ ದಪ್ಪದ ಕಪ್ಪು ಉಕ್ಕಿನ ಒಲೆಕೊಳವೆಯನ್ನೇ ಕೊಳ್ಳಬೇಕು. ಜಿಐ ತಗಡಿನ ಕೊಳವೆ ಅಗ್ಗವಾದರೂ ಬೇಡ. ಅದರ ಸತುವಿನ ಲೇಪ 419 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ, ಅತಿಯಾಗಿ ಕಾದರೆ ಅದರ ಹೊಗೆ ಶ್ವಾಸಕ್ಕೆ ಹಾನಿ. ಕೊಡಗು ಚಿಕ್ಕಮಗಳೂರಿನ ತೋಟದ ಬಂಗಲೆಗಳ ಹಳೆಯ ಅಗ್ಗಿಷ್ಟಿಕೆಗೆ ಒಲೆ ಕೂರಿಸಲು ಹೊರಟ ಗೆಳೆಯರಿಗೂ ಈ ಮಾತು ಅನ್ವಯಿಸುತ್ತದೆ, ಅಲ್ಲಿಯ ಅಂಗಡಿಗಳಲ್ಲಿ ಮೊದಲು ಕೈಗೆ ಸಿಗುವುದು ಜಿಐ ಕೊಳವೆ ಅಥವಾ ಸಿಮೆಂಟ್ ಶೀಟಿನ ಕೊಳವೆ. ಎರಡೂ ಈ ಒಲೆಯ ಬಿಸಿಗೆ ತಕ್ಕವಲ್ಲ.

ಕೊಳವೆಯ ಪ್ರತಿ ತುಂಡಿಗೂ ಒಂದು ನೆರಿಗೆಯ ತುದಿ, ಒಂದು ಸಾದಾ ತುದಿ ಇರುತ್ತದೆ. ನೆರಿಗೆಯ ತುದಿ ಒಲೆಯ ಕಡೆಗೆ, ಕೆಳಮುಖವಾಗಿರಬೇಕು. ಅನೇಕರು ಇದನ್ನು ತಿರುಗಿಸಿ ಹಾಕುತ್ತಾರೆ, ಹೊಗೆ ಮೇಲೇರುವಾಗ ಸಂದಿಯಲ್ಲಿ ಹೊರಬಂದೀತು ಎಂಬ ಭಯದಿಂದ. ಆದರೆ ಎಳೆತವಿರುವ ಕೊಳವೆಯ ಒಳಗೆ ಒತ್ತಡ ಕಡಿಮೆ, ಗಾಳಿ ಹೊರಗಿನಿಂದ ಒಳಕ್ಕೇ ನುಗ್ಗುತ್ತದೆ. ಕೆಳಗಿಳಿಯುವುದು ದ್ರವರೂಪದ ಕ್ರಿಯೋಸೋಟ್. ತೋಟಕ್ಕೆ ನೀರು ಹಾಯಿಸಲು ಅಡಿಕೆ ದಬ್ಬೆ ಇಡುವಾಗ ಮೇಲಿನ ದಬ್ಬೆಯ ತುದಿಯನ್ನು ಕೆಳಗಿನ ದಬ್ಬೆಯ ಒಳಗೆ ಇಡುತ್ತೇವಲ್ಲ, ಇದೂ ಹಾಗೆಯೇ. ತಿರುಗಾಮುರುಗ ಆದರೆ ಕಪ್ಪು ರಸ ಕೊಳವೆಯ ಹೊರಮೈ ಮೇಲೆ ಇಳಿದು ವಾಸನೆ ಹಿಡಿಸುತ್ತದೆ, ಒಮ್ಮೆ ಹಿಡಿದರೆ ಹೋಗುವುದಿಲ್ಲ.

ಪ್ರತಿ ಜೋಡಣೆಗೂ ಸುತ್ತಲೂ ಸಮಾನ ದೂರದಲ್ಲಿ ಮೂರು ಸ್ಕ್ರೂ. ಒಲೆಯ ಹೊಗೆಬಾಯಿಗೂ ಕೊಳವೆಯನ್ನು ಹೀಗೆಯೇ ಬಿಗಿಯಬೇಕು. ಕೊಳವೆ ಎಲ್ಲಿಯೂ ಹೊಗೆಬಾಯಿಗಿಂತ ಕಿರಿದಾಗಕೂಡದು. ಅಡ್ಡವಾಗಿ ಹೋಗುವ ಭಾಗವು ಚಿಮಣಿಯ ಕಡೆಗೆ ಅಡಿಗೆ ಕಾಲಿಂಚಿನಂತೆ ಏರುತ್ತಾ ಹೋಗಬೇಕು. ಈ ಭಾಗ ಎಷ್ಟು ಗಿಡ್ಡವಾದರೆ ಅಷ್ಟು ಒಳ್ಳೆಯದು. 90 ಡಿಗ್ರಿಯ ಬೆಂಡ್‌ಗಳು ಎರಡಕ್ಕಿಂತ ಹೆಚ್ಚು ಬೇಡ. ಒಂದರ ಬದಲು 45 ಡಿಗ್ರಿಯ ಎರಡು ಬೆಂಡ್ ಹಾಕಲು ಜಾಗವಿದ್ದರೆ ಹೊಗೆ ಇನ್ನೂ ಸರಾಗವಾಗಿ ಹೋಗುತ್ತದೆ.

ಒಂಟಿಪದರದ ಕೊಳವೆಯಿಂದ ಮರದ ಗೋಡೆಗೆ, ಮೇಲ್ಛಾವಣಿಗೆ, ಪರದೆಗೆ, ಕಪಾಟಿಗೆ ಎಲ್ಲ ದಿಕ್ಕಿನಲ್ಲೂ 18 ಇಂಚು ದೂರ ಬೇಕು. ಗಿಲಾವು ಅಥವಾ ಜಿಪ್ಸಂ ಹಲಗೆಯ ಗೋಡೆಯ ಹಿಂದೆ ಮರವಿದ್ದರೆ ಅದೂ ಮರದ ಗೋಡೆಯೇ. ಜೋಡಿಪದರದ ಕೊಳವೆಗೆ ದೂರ ಸಾಮಾನ್ಯವಾಗಿ 6 ಇಂಚು, ಆದರೆ ಆ ಕೊಳವೆಯ ಮೇಲಿನ ಲೇಬಲ್ ಹೇಳಿದ್ದೇ ಅಂತಿಮ. ಜಾಗ ಸಾಲದಿದ್ದರೆ ಗೋಡೆಗೆ ಒಂದು ಇಂಚು ಗಾಳಿಸಂದು ಬಿಟ್ಟು, ಮೇಲೂ ಕೆಳಗೂ ತೆರೆದಿಟ್ಟು, 24 ಗೇಜ್ ತಗಡಿನ ಮರೆ ಹಾಕಿದರೆ 18 ಇಂಚನ್ನು 6ಕ್ಕೆ ಇಳಿಸಬಹುದು. ಕೆಲಸ ಮಾಡುವುದು ಆ ಸಂದಿನಲ್ಲಿ ಏರುವ ಗಾಳಿ. ತಗಡನ್ನು ಗೋಡೆಗೆ ಅಂಟಿಸಿಬಿಟ್ಟರೆ ಏನೂ ಪ್ರಯೋಜನವಿಲ್ಲ. ಒಲೆಯ ಮೈಗೆ ಬೇಕಾದ ದೂರ ಬೇರೆ, ಅದು ಒಲೆಯ ಹಿಂಬದಿಯ ಫಲಕದಲ್ಲಿ ಬರೆದಿರುತ್ತದೆ. ಒಂಟಿಪದರದ ಕೊಳವೆಯನ್ನು ಮೇಲ್ಛಾವಣಿಯ ಮೂಲಕವಾಗಲಿ, ಮುಚ್ಚಿದ ಕಪಾಟಿನೊಳಗಾಗಲಿ ಹಾಯಿಸಲೇಬಾರದು.

ಮೊದಲ ಬೆಂಕಿ

ಹೊಗೆ ಅಲಾರಂ, ಕಾರ್ಬನ್ ಮಾನಾಕ್ಸೈಡ್ ಅಲಾರಂ ಎರಡೂ ಪ್ರತಿ ಅಂತಸ್ತಿನಲ್ಲಿ ಕೆಲಸ ಮಾಡುತ್ತಿವೆಯೇ ನೋಡಿಕೊಂಡ ಮೇಲೆ, ಇನ್‌ಸ್ಪೆಕ್ಟರ್ ಸಹಿಯಾದ ಮೇಲೆ, ಕಿಟಕಿ ತೆರೆದಿಟ್ಟು ಚಿಕ್ಕ ಬೆಂಕಿ ಮಾಡಿ. ಹೊಸ ಕೊಳವೆಯ ಬಣ್ಣ ಮೊದಲ ಒಂದೆರಡು ಬೆಂಕಿಗೆ ಹೊಗೆಯಾಡುತ್ತದೆ. ಬೆಂಕಿ ಹಿಡಿದ ಮೇಲೆ ಊದಿನಕಡ್ಡಿಯೊಂದನ್ನು ಹಚ್ಚಿ ಪ್ರತಿ ಜೋಡಣೆಯ ಹತ್ತಿರ, ಥಿಂಬಲಿನ ಸುತ್ತ ನಿಧಾನವಾಗಿ ಆಡಿಸಿ. ಕಡ್ಡಿಯ ಹೊಗೆಯ ಎಳೆ ಸಂದಿಯ ಕಡೆಗೆ ಬಾಗಿ ಒಳಗೆ ಸೇರಿದರೆ ಎಳೆತವಿದೆ, ಆದರೆ ಅಲ್ಲೊಂದು ಸಂದಿಯೂ ಇದೆ, ಮುಚ್ಚಬೇಕು. ಎಳೆ ಹೊರಕ್ಕೆ ತಳ್ಳಲ್ಪಟ್ಟರೆ ಇನ್ನು ಸೌದೆ ಹಾಕಬೇಡಿ. ಇದ್ದ ಬೆಂಕಿ ಪೂರ್ತಿ ಆರುವವರೆಗೆ ಕಿಟಕಿ ತೆರೆದಿಟ್ಟು, ಕಾರಣ ಹುಡುಕಿದ ಮೇಲೆಯೇ ಮತ್ತೆ ಹಚ್ಚಿ.

ನಮ್ಮ ಮನೆಗಳಲ್ಲಿ ಆ ಕಾರಣ ಹಲವು ಸಲ ಅಡುಗೆಮನೆಯಲ್ಲಿರುತ್ತದೆ. ಒಗ್ಗರಣೆಯ ಘಾಟು ಹೋಗಲೆಂದು ಹಾಕಿಸಿದ ಶಕ್ತಿಶಾಲಿ ಹುಡ್ ಫ್ಯಾನ್ ಓಡುವಾಗ ಮುಚ್ಚಿದ ಮನೆಯೊಳಗಿನ ಒತ್ತಡ ಇಳಿಯುತ್ತದೆ. ಆಗ ಗಾಳಿ ಬರಲು ಸುಲಭದ ದಾರಿ ಚಿಮಣಿಯೇ ಆಗಿ ಹೊಗೆ ಹಿಂದಕ್ಕೆ ಬರುತ್ತದೆ. ನಿಮಿಷಕ್ಕೆ 400 ಘನ ಅಡಿಗಿಂತ ಹೆಚ್ಚು ಗಾಳಿ ಎಳೆಯುವ ಹುಡ್‌ಗೆ ಹೊರಗಿನಿಂದ ಬದಲಿ ಗಾಳಿಯ ದಾರಿ ಕೊಡಬೇಕೆಂದು ಅಮೆರಿಕದ ವಸತಿ ನಿಯಮಾವಳಿ ಹೇಳುವುದು ಇಂಥ ಕಾರಣಕ್ಕೆ. ಒಲೆ ಉರಿಯುವಾಗ ಫ್ಯಾನ್ ಹಾಕಲೇಬೇಕಾದರೆ ಅಡುಗೆಮನೆಯ ಕಿಟಕಿಯನ್ನು ಎರಡು ಬೆರಳು ತೆರೆದಿಡಿ. ನೆಲಮಾಳಿಗೆಯ ಬುಡದ ಬಾಗಿಲು ಗಟ್ಟಿಯಾಗಿ ಮುಚ್ಚಿದೆಯೇ ಎಂಬುದನ್ನೂ ನೋಡಿ. ಅಲ್ಲಿಂದ ನುಗ್ಗುವ ತಣ್ಣನೆಯ ಗಾಳಿ ಎಳೆತವನ್ನು ಕೊಲ್ಲುತ್ತದೆ.

ಸೌದೆಯ ತೇವಾಂಶ ಶೇಕಡಾ 20ರೊಳಗಿರಬೇಕು. ಮೀಟರಿನ ಮುಳ್ಳುಗಳನ್ನು ಹೊರಮೈಗೆ ಚುಚ್ಚದೆ, ಆಗಷ್ಟೇ ಸೀಳಿದ ಒಳಮುಖಕ್ಕೆ ಚುಚ್ಚಿ ಅಳೆಯಿರಿ. ಒಲೆಯಿಂದ 18 ಇಂಚು ಮೇಲೆ ಕೊಳವೆಗೆ ಅಯಸ್ಕಾಂತದ ಥರ್ಮಾಮೀಟರ್ ಅಂಟಿಸಿ. ಒಂಟಿಪದರದ ಕೊಳವೆಯ ಮೈ ಸುಮಾರು 115ರಿಂದ 245 ಡಿಗ್ರಿ ಸೆಲ್ಸಿಯಸ್ ನಡುವೆ ಇದ್ದರೆ ಒಲೆ ಹದವಾಗಿ ಉರಿಯುತ್ತಿದೆ. ರಾತ್ರಿಯಿಡೀ ಉರಿಯಲಿ ಎಂದು ಗಾಳಿ ಪೂರ್ತಿ ಮುಚ್ಚಿ ಹೊಗೆಯಾಡಿಸುವವರ ಚಿಮಣಿಯಲ್ಲಿ ಕ್ರಿಯೋಸೋಟ್ ಬೇಗ ತುಂಬುತ್ತದೆ. ಚಿಮಣಿಯಿಂದ ರೈಲಿನಂಥ ಮೊರೆತ ಕೇಳಿಸಿದರೆ ಒಳಗೆ ಬೆಂಕಿ ಬಿದ್ದಿದೆ: ಎಲ್ಲರನ್ನೂ ಹೊರಗೆ ಕಳಿಸಿ, ದಾರಿಯಲ್ಲಿ ಸಾಧ್ಯವಾದರೆ ಒಲೆಯ ಗಾಳಿ ಮುಚ್ಚಿ, 911ಕ್ಕೆ ಕರೆ ಮಾಡಿ. ಮೇಲಿನಿಂದ ನೀರು ಸುರಿಯಬೇಡಿ. ಆರಿದ ಮೇಲೂ ಸ್ವೀಪ್ ಬಂದು ನೋಡುವವರೆಗೆ ಮತ್ತೆ ಒಲೆ ಹಚ್ಚಬೇಡಿ.

ವರ್ಷಕ್ಕೊಮ್ಮೆ ತಪಾಸಣೆ ಎಲ್ಲರೂ ಹೇಳುವ ಮಾತು. ಮೊದಲ ವರ್ಷ ಅಷ್ಟು ದಿನ ಕಾಯಬೇಡಿ. ಒಂದು ತಿಂಗಳು ಉರಿಸಿದ ಮೇಲೆ, ಒಲೆ ಪೂರ್ತಿ ತಣ್ಣಗಾದ ಒಂದು ಬೆಳಿಗ್ಗೆ, ಕೆಳಗೆ ಹಳೆಯ ಪತ್ರಿಕೆ ಹಾಸಿ, ಮೂರು ಸ್ಕ್ರೂ ಬಿಚ್ಚಿ, ಥಿಂಬಲಿನ ಹತ್ತಿರದ ಬೆಂಡ್ ತೆಗೆದು ನೋಡಿ. ಒಳಮೈಯಲ್ಲಿ ಬೆರಳಿಗೆ ಹತ್ತುವ ಕಂದು ಬಣ್ಣದ ತೆಳು ಪುಡಿಯಿದ್ದರೆ ಸೌದೆಯೂ ಒಲೆಯೂ ಸರಿಯಾಗಿವೆ. ಹೊಳೆಯುವ ಕಪ್ಪು ಅರಗಿನಂಥ ಪದರವಿದ್ದರೆ ಬ್ರಷ್‌ನಿಂದ ಹೋಗದು, ಸ್ವೀಪ್‌ಗೆ ಹೇಳಿ ಕಳಿಸಬೇಕು. ಪದರ ಯಾವ ಬಗೆಯದಾದರೂ ಎಂಟನೇ ಒಂದು ಇಂಚು ದಪ್ಪವಾಗಿದ್ದರೆ ಅಂದೇ ಚೊಕ್ಕಟ ಮಾಡಿಸಿ. ಬೆಂಡ್ ತೆಗೆದಿರುವಾಗಲೇ ಥಿಂಬಲಿನೊಳಗೆ ಟಾರ್ಚ್ ಬಿಟ್ಟು ಸಂದಿಯ ಸಿಮೆಂಟು ಬಿರಿದಿದೆಯೇ ನೋಡಿ, ನೆರಿಗೆಯ ತುದಿ ಒಲೆಯ ಕಡೆಗೇ ಇರುವಂತೆ ಬೆಂಡನ್ನು ಮತ್ತೆ ಕೂರಿಸಿ, ಮೂರು ಸ್ಕ್ರೂಗಳನ್ನೂ ಬಿಗಿಯಿರಿ.